ಟೀವಿಯಲ್ಲಿ ಬಂಗಾರಿ

ಬಾಗಿಲ ಸಂದಿಯಲ್ಲಿ ವೈರು ಎಳೆದವನ ಕೈಗೆ ಹುಳ ಬೀಳಲಿ ಎಂದು ದಾನವ್ವ ಇವತ್ತಿಗೂ ಶಪಿಸುತ್ತಾಳೆ. ಶಪಿಸಲಿ ಬಿಡಿ, ಅವಳಿಗೆ ಆ ಹಕ್ಕಿದೆ.

ಮುಂಬಯಿಯ ಗೋರೆಗಾಂವ್‌ನ ಒಂದು ಕನ್ನಡ ಶಾಲೆಯಲ್ಲಿ ಅವಳು ಆಯಾ. ಶಾಲೆಯ ಗೋಡೆಯಾಚೆ ಒಬ್ಬ ಸೇಠನ ಪುಟ್ಟ ಮೃಗಾಲಯ. ಅಲ್ಲಿ ಚಿರತೆಯನ್ನು ನೋಡಿಕೊಳ್ಳುವವನು ಅವಳ ಗಂಡ ಗದಿಗೆಪ್ಪ. ಚಿರತೆಯ ಹೆಸರು ಬಂಗಾರಿ. ಅದು ಕಣ್ಣು ಬಿಡುವ ಮೊದಲೇ ಅದರ ತಾಯಿ ಸತ್ತಿತ್ತು. ಆಗ ದಾನವ್ವನ ಮಗಳು ಚಂದ್ರವ್ವ ಇನ್ನೂ ಅಂಬೆಗಾಲಿಡುವ ಕೂಸು. ಎರಡಕ್ಕೂ ಒಂದೇ ಮನೆಯಲ್ಲಿ ಹಾಲು ಕುಡಿಸಿದಳು ಮಹಾತಾಯಿ. "ಬಾರವ್ವ, ಹಾಲ ಕುಡಿ ಬಾ" ಅಂದರೆ ಸಾಕು, ಮಗಳಿಗಿಂತ ಮೊದಲು ಮರಿ ಬಂದು ಮಡಿಲು ಹತ್ತುತ್ತಿತ್ತು.

ತೊಂಬತ್ತೊಂದರ ಸುಮಾರಿಗೆ ಓಣಿ ಓಣಿಗೂ ಕೇಬಲ್ ಟೀವಿ ಬಂತು. ಹೆಡ್‌ಮಾಸ್ತರು ರಾಮಸ್ವಾಮಿಗಳ ತಲೆಗೊಂದು ಹುಳ ಹೊಕ್ಕಿತು. ಕೇಬಲ್ಲಿನ ಭೀಮರಾಯ ಮದುವೆ ತೆಗೆಯುವ ಕ್ಯಾಮೆರಾವನ್ನು ಪಂಜರದ ಮುಂದೆ ನಿಲ್ಲಿಸುವುದು, ಗೋಡೆ ಮೇಲಿಂದ ವೈರು ಎಳೆಯುವುದು; ಮಕ್ಕಳು ಕ್ಲಾಸಿನ ಟೀವಿಯಲ್ಲಿ ಜೀವಂತ ಚಿರತೆ ನೋಡುತ್ತ ಫೋನಿನಲ್ಲಿ ಪ್ರಶ್ನೆ ಕೇಳುವುದು. ಪ್ರಶ್ನೆ ಅಲ್ಲಿ ಕೇಳಿಸಲೆಂದು ಪಂಜರದ ಕಂಬಿಗೆ ಲೌಡ್‌ಸ್ಪೀಕರ್ ಡಬ್ಬಿ.

"ಸೋಮವಾರ ಬ್ಯಾಡ್ರಿ ಸರ. ಅವತ್ತ ಅದಕ್ಕ ಉಪಾಸ, ಮಾಂಸ ಹಾಕೂದಿಲ್ಲ. ಸಿಟ್ಟಿನಾಗ ಇರ್ತದ" ಅಂದ ಗದಿಗೆಪ್ಪ.

"ಒಳ್ಳೇದೇ ಆಯ್ತಲ್ಲಪ್ಪ, ಚೆನ್ನಾಗಿ ಗರ್ಜಿಸುತ್ತೆ" ಅಂದರು ಮಾಸ್ತರು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಾರೆಯೇ?

ಆ ಗರ್ಜನೆಗೋಸ್ಕರವೇ ಭೀಮರಾಯ ಚಿರತೆ ಮಲಗುವ ಒಳಗಿನ ಕೋಣೆಯಲ್ಲಿ ಮೈಕು ಕಟ್ಟಿ, ಅದರ ವೈರನ್ನು ಆ ಕೋಣೆಯ ಬಾಗಿಲ ಸಂದಿಯಿಂದ ಹೊರತಂದಿದ್ದ.

ಸೋಮವಾರ ಹತ್ತು ಗಂಟೆಗೆ ಪಾಠ ಶುರುವಾಯಿತು. ದಾನವ್ವ ಕ್ಲಾಸಿನ ಹಿಂದೆ ಪೊರಕೆ ಹಿಡಿದು ನಿಂತಿದ್ದಳು. ಟೀವಿಯಲ್ಲಿ ಗದಿಗೆಪ್ಪ ಇಸ್ತ್ರಿ ಅಂಗಿ ತೊಟ್ಟು ಮದುಮಗನಂತೆ ಕಂಡ. ಅವಳಿಗೆ ನಗು ಬಂತು. ಅವನು ಬಂಗಾರಿಯನ್ನು ಒಳಗಿನ ಕೋಣೆಗೆ ಅಟ್ಟಿ, ಪಕ್ಕಕ್ಕೆ ಸರಿಯುವ ಕಬ್ಬಿಣದ ಬಾಗಿಲು ಎಳೆದ. ದಿನಾ ಆ ಬಾಗಿಲು ಠಣ್ ಅನ್ನುತ್ತದೆ. ಅದು ಚಿಲಕ ಬಿದ್ದ ಸದ್ದು. ಅವಳು ಗೋಡೆಯಾಚೆಯಿಂದ ಹನ್ನೊಂದು ವರ್ಷ ಕೇಳಿದ ಸದ್ದು.

ಇವತ್ತು ಥಪ್ ಅಂದಿತು.

ಕ್ಯಾಮೆರಾದ ಗಡಿಬಿಡಿಯಲ್ಲಿ ಗದಿಗೆಪ್ಪನಿಗೆ ಅದು ಕಿವಿಗೇ ಬೀಳಲಿಲ್ಲ. ಪಂಜರ ತೊಳೆಯುವುದನ್ನು ತೋರಿಸಲು ಕಬ್ಬಿಣದ ಸಲಾಕೆ ಹಿಡಿದು ಒಳಗೆ ಹೋದ.

"ಸರ, ಚಿಲಕಾ ಬಿದ್ದಿಲ್ರೀ!" ದಾನವ್ವ ಚೀರಿದಳು.

"ಸುಮ್ನಿರಮ್ಮ, ಮಕ್ಕಳು ಪ್ರಶ್ನೆ ಕೇಳ್ತಿದಾರೆ" ಎಂದು ರಾಮಸ್ವಾಮಿ ಫೋನನ್ನು ಎದೆಗೆ ಒತ್ತಿಕೊಂಡರು.

ಗದಿಗೆಪ್ಪನ ಬೆನ್ನ ಹಿಂದೆ ಸಂದಿಯಲ್ಲಿ ಒಂದು ಪಂಜಾ ಕಂಡಿತು. ಬಾಗಿಲು ಮೆಲ್ಲಗೆ ಸರಿಯಿತು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಮರುಗಳಿಗೆ ಚಿರತೆ ಅವನ ಭುಜಕ್ಕೆ ಬಾಯಿ ಹಾಕಿ ನೆಲಕ್ಕೆ ಕೆಡವಿತ್ತು. ಮೂಳೆ ಲಟಕ್ಕೆಂದದ್ದು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಇಸ್ತ್ರಿ ಅಂಗಿ ಕೆಂಪಗೆ ತೊಯ್ದುಹೋಯಿತು. ಭೀಮರಾಯ ಕ್ಯಾಮೆರಾ ಬಿಟ್ಟು ಓಟ ಕಿತ್ತ. ಕ್ಯಾಮೆರಾ ಮಾತ್ರ ನಿಂತಲ್ಲೇ ನಿಂತು ಎಲ್ಲವನ್ನೂ ತೋರಿಸಿತು.

ದಾನವ್ವ ಬೆಂಚು ಹಾರಿ, ಮಾಸ್ತರನ್ನು ತಳ್ಳಿ ಫೋನು ಕಸಿದುಕೊಂಡಳು. ಬಾಯಿಗೆ ಬಂದದ್ದು ಒಂದೇ ಮಾತು.

"ಬಂಗಾರೀ! ಬಾರವ್ವ, ಹಾಲ ಕುಡಿ ಬಾ!"

ಚಿರತೆ ಬಾಯಿ ಬಿಟ್ಟಿತು. ಕಿವಿ ನಿಮಿರಿಸಿ, ಕಂಬಿಗೆ ಕಟ್ಟಿದ ಡಬ್ಬಿಯ ಕಡೆ ತಿರುಗಿತು. ಗದಿಗೆಪ್ಪ ತೆವಳಿದ. ಆದರೆ ಹೊರಬಾಗಿಲಿಗೂ ಅವನಿಗೂ ನಡುವೆ ಅದೇ ನಿಂತಿತ್ತು. ಉಳಿದ ಎಡಗೈಗೆ ಸಲಾಕೆ ಸಿಕ್ಕಿತು. ಎದ್ದವನೇ ಚಿರತೆಯ ತಲೆಗೆ ಬೀಸಿ ಹೊಡೆದ.

"ಬ್ಯಾಡ್ರೀ..." ಎಂದು ದಾನವ್ವ ಫೋನು ಕೆಳಗಿಳಿಸಿದಳು. ಕರೆ ನಿಂತ ಆ ಒಂದು ಉಸಿರಿನಲ್ಲಿ ಚಿರತೆ ಹಲ್ಲು ಕಿರಿದು ಅವನತ್ತ ತಿರುಗಿ, ತೊಡೆ ಸೀಳಿತು. ಅಯ್ಯೋ, ಆಗ ಅವಳಿಗೆ ತಿಳಿಯಿತು: ಕರೆಯುತ್ತಲೇ ಇದ್ದರೆ ಗಂಡ ಉಳಿದಾನು, ಬಾಯಿ ಮುಚ್ಚಿದರೆ ಬಂಗಾರಿ ಉಳಿದೀತು.

ಅವಳು ಕರೆದಳು. "ಬಾರವ್ವ... ನನ್ನ ಕೂಸ... ಬಾ..." ಚಿರತೆ ಮತ್ತೆ ಡಬ್ಬಿಯತ್ತ ಹೊರಳಿತು, ಸಲಾಕೆ ಬಿತ್ತು. ಕರೆದಳು, ಬಿತ್ತು. ತಲೆಯೊಡೆದು ರಕ್ತ ಕಣ್ಣಿಗಿಳಿದರೂ ಅದು ಅವನನ್ನು ನೋಡಲಿಲ್ಲ. ಮುಂಗಾಲೂರಿ ತೆವಳಿಕೊಂಡು ಹೋಗಿ ಡಬ್ಬಿಯ ಕೆಳಗೆ ಮೂತಿ ಇಟ್ಟು ಮಲಗಿತು. ಗದಿಗೆಪ್ಪ ಆಮೇಲೂ ಹೊಡೆಯುತ್ತಲೇ ಇದ್ದ.

ರಾಮಸ್ವಾಮಿ ಟೀವಿ ಆರಿಸಿದರು. ಮಕ್ಕಳು ಅಳುತ್ತಿದ್ದರು. ದಾನವ್ವ ಮಾತ್ರ ಫೋನು ಬಿಡದೆ ಇನ್ನೂ ಕರೆಯುತ್ತಿದ್ದಳು. ನಾಲ್ಕು ಜನ ಸೇರಿ ಕೈ ಬಿಡಿಸಬೇಕಾಯಿತು.

ಗದಿಗೆಪ್ಪ ಬದುಕಿದ, ಒಂದು ಕೈ ಹೋಯಿತು. ಮಗಳು ಚಂದ್ರವ್ವನನ್ನು ಊಟಕ್ಕೆ ಕರೆಯಬೇಕಾದರೆ ದಾನವ್ವ ಈಗ ಬಾ ಅನ್ನುವುದಿಲ್ಲ, ತಟ್ಟೆ ಬಡಿಯುತ್ತಾಳೆ.