ಮೊದಲನೇ ಸೈರನ್

ರಾವೂರಿನ ಸುಣ್ಣದಕಲ್ಲಿನ ಗಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೈರನ್ ಒತ್ತುವವನು ನಾನು, ಲಾಲಪ್ಪ. ಇದೇನು ಮಹಾ ಕೆಲಸ ಎನ್ನುವವರು ಒಂದು ದಿನ ಬಂದು ನನ್ನ ಜಾಗದಲ್ಲಿ ನಿಂತು ನೋಡಲಿ. ಮೊದಲನೇ ಸೈರನ್ ಆದರೆ ಸುತ್ತಲಿನ ಎಲ್ಲರೂ ದೂರ ಹೋಗಬೇಕು. ಹದಿನೈದು ನಿಮಿಷ ಬಿಟ್ಟು ಎರಡನೆಯದು, ಅದರ ಬೆನ್ನಿಗೇ ಮದ್ದು ಸಿಡಿಯುತ್ತದೆ. ಮೂರನೆಯದು ಉದ್ದನೆಯದು. ಎಲ್ಲ ಮುಗಿಯಿತು, ಇನ್ನು ಬರಬಹುದು ಎಂದು ಅದರ ಅರ್ಥ. ಮೊದಲನೆಯದು ಕಿವಿಗೆ ಬಿದ್ದರೆ ಸಾಕು, ಹೊಲದಲ್ಲಿದ್ದವರು ಕುಡುಗೋಲು ಎತ್ತಿಕೊಂಡು ನಡೆದುಬಿಡುತ್ತಿದ್ದರು. ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನನ್ನ ಅಕ್ಕ ತುಳಜಾಬಾಯಿ ಗಣಿಯ ಆಚೆ ಸುರಿದ ಮಣ್ಣಿನ ದಿಬ್ಬದ ಮೇಲೆ ಆಡು ಮೇಯಿಸುತ್ತಿದ್ದಳು. ಅಲ್ಲಿ ಹುಲ್ಲು ಚೆನ್ನಾಗಿ ಬೆಳೆಯುತ್ತದೆ, ಬೇಡವೆಂದರೆ ಅವಳು ಕೇಳುತ್ತಿರಲಿಲ್ಲ. ನಾನು ಸೈರನ್ ಒತ್ತಿ, ಕೆಂಪು ಬಾವುಟ ಹಿಡಿದು ದಿಬ್ಬದ ಬುಡಕ್ಕೆ ಹೋಗಿ ನಿಲ್ಲುವಷ್ಟರಲ್ಲಿ ಆಡು ಹೊಡೆದುಕೊಂಡು ಇಳಿದು ಬರುತ್ತಿದ್ದಳು. ಉಳಿದೆರಡು ಸೈರನ್ ಮದ್ದು ಸಿಡಿಸುವವನೇ ಒತ್ತುತ್ತಿದ್ದ. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಮೂರನೆಯ ಸೈರನ್‌ವರೆಗೆ ಮನೆಯ ಮಾತು ಆಡುತ್ತಿದ್ದೆವು. ನನ್ನ ರಜೆಯ ದಿನ ಗುರುವಾರ. ಆವತ್ತು ದಿಬ್ಬದ ಕಡೆ ಯಾರೂ ಬಾವುಟ ಹಿಡಿಯುತ್ತಿರಲಿಲ್ಲ, ಅವಳು ತಾನೇ ಇಳಿಯುತ್ತಿದ್ದಳು.

ನನ್ನ ಮಗಳು ಸಂಘಮಿತ್ರಾ ಪುಣೆಯ ಒಂದು ಕಂಪನಿಗೆ ಮೊಬೈಲ್ ಆಟಗಳ ಸದ್ದು ಮಾಡಿಕೊಡುತ್ತಾಳೆ. ವಾಡಿಯ ನಮ್ಮ ಮನೆಯ ಮೇಲಿನ ಕೋಣೆಯೇ ಅವಳ ಆಫೀಸು. ಎರಡು ವರ್ಷದ ಹಿಂದೆ ರೆಕಾರ್ಡರ್ ಹಿಡಿದು ಗಣಿಗೆ ಬಂದು ನಮ್ಮ ಸೈರನ್ ತುಂಬಿಕೊಂಡು ಹೋದಳು. ಅವಳಿಗಾಗಿ ನಾನು ಸ್ವಲ್ಪ ಹೆಚ್ಚೇ ಹೊತ್ತು ಒತ್ತಿದೆ, ಮ್ಯಾನೇಜರ್ ಬೈದರೂ ನಗುತ್ತ ನಿಂತಿದ್ದೆ.

ಆಟ ಬಂತು, ಹುಚ್ಚು ಹಿಡಿಸಿತು. ಒಂದು ಹಾಳು ಗಣಿ, ಅದರ ತಳದಲ್ಲಿ ಒಂದು ರಾಕ್ಷಸ ಪ್ರಾಣಿ. ಸೈರನ್ ಕೂಗಿದರೆ ಅದು ಹೊರಬಂತು ಎಂದು ಅರ್ಥ. ಅಲುಗಾಡಿದವನನ್ನು ತಿನ್ನುತ್ತದೆ, ಸದ್ದು ಮುಗಿಯುವವರೆಗೆ ಕದಲದೆ ಇದ್ದವನು ಗೆದ್ದ. ಆ ಸೈರನ್ ನಮ್ಮದೇ. ಚಿತ್ತಾಪುರದ ಬಸ್ಸಿನಲ್ಲಿ, ಶಹಾಬಾದಿನ ಸ್ಟೇಶನ್ನಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ನನ್ನ ಬೆರಳಿನ ಸದ್ದು. ನಾನು ಬೀಗಿದ್ದು ಸುಳ್ಳಲ್ಲ.

ರಾವೂರ ಕ್ರಾಸಿನಲ್ಲಿ ಹೋಟೆಲ್ ಇಟ್ಟಿರುವ ಮಡಿವಾಳಯ್ಯನಿಗೆ ಈ ಆಟಗಳನ್ನು ಕಂಡರೆ ಮೈ ಉರಿಯುತ್ತಿತ್ತು. ಜನರ ತಲೆ ಕೆಡಿಸಿ ದುಡ್ಡು ಮಾಡುವ ಧಂದೆ ಇದು, ಕಂಪನಿಯವರಿಗೆ ಮಾನ ಮರ್ಯಾದೆ ಇಲ್ಲ ಎಂದು ಚಹಾ ಸೋಸುತ್ತಲೇ ಭಾಷಣ ಬಿಗಿಯುತ್ತಿದ್ದ. ನಾನು ಬಿಡುತ್ತಿದ್ದೆನೇ? ನಿಮ್ಮಪ್ಪ ಸಿನೆಮಾಕ್ಕೂ ಇದೇ ಮಾತು ಅಂದಿರಬೇಕು, ನೀನೇನು ಕೆಟ್ಟೆಯಾ, ಆಡುವವನಿಗೆ ಬುದ್ಧಿ ಇದ್ದರೆ ಆಟ ಏನು ಮಾಡುತ್ತದೆ ಎಂದು ಅವನ ಬಾಯಿ ಮುಚ್ಚಿಸುತ್ತಿದ್ದೆ. ಮಗಳ ಅನ್ನದ ಪ್ರಶ್ನೆ ಅಲ್ಲವೇ?

ಆಮೇಲೆ ಒಂದು ಸೋಮವಾರ ಮೊದಲನೇ ಸೈರನ್ ಒತ್ತಿದೆ. ಪಕ್ಕದ ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಓಡಿಹೋಗಿ ಕೂಗಾಡಿದರೆ, ಯಾರದೋ ಮೊಬೈಲ್ ಅಂದುಕೊಂಡೆವು ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹದಿನೈದು ದಿನದ ಮೇಲೆ ಲಾರಿಯವರು ಮೂವರು ಸೈರನ್ ಕೇಳಿದೊಡನೆ ನಿಂತಲ್ಲೇ ಕಲ್ಲಾಗಿ, ಒಬ್ಬರನ್ನೊಬ್ಬರು ನೋಡಿ ಕಿಸಿಕಿಸಿ ನಕ್ಕರು. ಅವರನ್ನು ಬಾವುಟದ ಕೋಲಿನಿಂದಲೇ ಅಟ್ಟಿದೆ.

ಅಕ್ಕನೂ ಆಡುತ್ತಾಳೆಂದು ತಿಳಿದದ್ದು ಆ ವಾರವೇ. ಸೊಸಿ, ತಮ್ಮನ ಮಗಳು, ಮಾಡಿದ ಆಟ ಎಂದು ಹೆಮ್ಮೆ ಅವಳಿಗೆ. ಅರವತ್ತು ದಾಟಿದವಳು ದಿಬ್ಬದ ಮೇಲೆ ಕೊಡೆ ಬಿಡಿಸಿಕೊಂಡು, ಮೊಬೈಲ್ ಹಿಡಿದು ಕೂತಿದ್ದಳು. ನಾನು ಸೈರನ್ ಒತ್ತಿ ಬುಡಕ್ಕೆ ಬಂದು ಮೂರು ಸಲ ಕೂಗಿದ ಮೇಲೆ ಇಳಿದಳು.

"ಅಲುಗಾಡಬಾರ್ದಲೋ ತಮ್ಮಾ, ಅಲುಗಾಡಿದ್ರ ಸತ್ತಂಗ," ಎಂದು ನಕ್ಕಳು.

ಆಡಬೇಡ ಎಂದು ಕೈಮುಗಿದೆ. ಹೂಂ ಎಂದವಳು ಮರುದಿನ ನನ್ನನ್ನು ನೋಡಿ ಮೊಬೈಲನ್ನು ಸೆರಗಿನಲ್ಲಿ ಅಡಗಿಸಿದಳು.

ಮ್ಯಾನೇಜರರ ಹತ್ತಿರ ಹೋಗಿ ನಮ್ಮ ಸೈರನ್ನಿನ ದನಿಯನ್ನಾದರೂ ಬದಲಿಸಿರಿ ಎಂದೆ. ಮೊಬೈಲ್ ಆಟಕ್ಕೆ ಹೆದರಿ ಗಣಿಯ ಸೈರನ್ ಬದಲಿಸಬೇಕೇ ಎಂದು ಅವರು ನಕ್ಕರು. ಮಗಳ ಕೋಣೆಗೆ ಹೋದೆ. ಅವಳು ಕಿವಿಯ ಹೆಡ್‌ಫೋನ್ ತೆಗೆದು ಸಮಾಧಾನವಾಗಿಯೇ ಕೇಳಿಸಿಕೊಂಡಳು. ಕಂಪನಿಗೆ ಆಗಲೇ ಬರೆದಿದ್ದಳಂತೆ. ಆಡುವವರಿಗೆ ಎಲ್ಲಕ್ಕಿಂತ ಇಷ್ಟವಾದದ್ದೇ ಆ ಸೈರನ್, ಅದನ್ನು ತೆಗೆಯುವ ಮಾತೇ ಇಲ್ಲ ಎಂದು ಉತ್ತರ ಬಂದಿತ್ತು. ಸದ್ದು ಈಗ ಅವರದು, ತನ್ನ ಕೈಯಲ್ಲಿಲ್ಲ ಎಂದಳು. ಹಾಗಾದರೆ ಆ ಕೆಲಸ ಬಿಡು ಎಂದು ನಾನು ದನಿ ಏರಿಸಿದೆ.

"ಅಪ್ಪಾ, ಸಿಡಿಸೋದು ನನ್ನ ಆಟ ಅಲ್ಲ, ನಿಮ್ಮ ಗಣಿ," ಎಂದಳು ಅವಳು. "ಊರ ಬಾಜೂಕ ಮದ್ದು ಸಿಡಿಸ್ಲಿಕತ್ತವರಿಗಿ ನೀ ಒಂದಿನ ಕೆಲಸ ಬಿಡ್ರಿ ಅಂದೀಯೇನು? ಆಡೋರಿಗಿ ಬುದ್ಧಿ ಇದ್ರ ಆಟ ಏನ್ ಮಾಡ್ತದ ಅಂತ ನೀನೇ ಅಂತಿದ್ದೆಲ್ಲ."

ನನ್ನ ಮಾತನ್ನೇ ನನ್ನ ಮುಖಕ್ಕೆ ಹಿಡಿದಿದ್ದಳು. ಅವಳು ಹೇಳಿದ್ದು ಸುಳ್ಳೂ ಅಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಎಂಟು ದಿನ ಮಾತು ಬಿಟ್ಟೆ.

ಆ ನಡುವೆ ಬಂದ ಗುರುವಾರ ನನಗೆ ರಜೆ. ಮನೆಯಲ್ಲಿ ಮಗಳ ಮುಖ ನೋಡಲಾರದೆ ಬೆಳಿಗ್ಗೆಯೇ ರಾವೂರಿಗೆ ಹೋಗಿ ಮಡಿವಾಳಯ್ಯನ ಹೋಟೆಲ್ಲಿನಲ್ಲಿ ಕೂತೆ. ಪಡುವಲಿಗೆ ಮೋಡ ಕಟ್ಟಿ ಕಪ್ಪಾಗಿತ್ತು, ಎಲೆಯೂ ಅಲುಗುತ್ತಿರಲಿಲ್ಲ. ನಾಲ್ಕೈದು ಜನ ಗಣಿಯ ಡ್ರೈವರುಗಳು ಬೆಂಚಿನ ಮೇಲೆ ಸಾಲಾಗಿ ಕೂತು ಆಡುತ್ತಿದ್ದರು. ಒಂದರ ಮೇಲೊಂದು ಸೈರನ್ ಕೂಗುತ್ತಿತ್ತು.

ನಾನು ಶುರುಮಾಡಿದೆ. ಈಗ ಮಡಿವಾಳಯ್ಯನ ಭಾಷಣ ನನ್ನ ಬಾಯಲ್ಲಿತ್ತು. ಕಂಪನಿಗೆ ಜೀವದ ಬೆಲೆ ಗೊತ್ತಿಲ್ಲ, ಆಡುವ ನಿಮಗೂ ಗೊತ್ತಿಲ್ಲ ಎಂದೆ. ಒಬ್ಬ ಡ್ರೈವರ್, ಆಟದಿಂದ ಯಾರು ಸತ್ತಿದ್ದಾರೆ ತೋರಿಸಿ ಎಂದ. ಇನ್ನೊಬ್ಬ, ಮಗಳ ಪಗಾರ ತಿನ್ನುವಾಗ ಈ ಮಾತು ನೆನಪಾಗಲಿಲ್ಲವೇ ಎಂದ. ಅದು ನಾಟಿತು. ಎದ್ದು ನಿಂತು ಬಾಯಿಗೆ ಬಂದದ್ದು ಅಂದೆ. ಅಷ್ಟರಲ್ಲಿ ಮತ್ತೆ ಸೈರನ್ ಕೂಗಿತು.

"ಬಂದ್ ಮಾಡ್ರಿ ಆ ದರಿದ್ರ," ಎಂದು ಗದರಿದೆ.

ಅದು ನಿಂತಿತು. ಅವರೂ ಮುಖ ಗಂಟಿಕ್ಕಿಕೊಂಡು ಮೊಬೈಲುಗಳನ್ನು ಜೇಬಿಗೆ ಹಾಕಿದರು. ನಾನು ಗೆದ್ದವನ ಹಾಗೆ ಕೂತು ಇನ್ನೊಂದು ಚಹಾ ಹೇಳಿದೆ. ಚಹಾ ಬಂತು, ಕುಡಿದೆ. ವಾದ ಮುಂದುವರಿಯಿತು. ಆಟ ಮಾಡುವವರನ್ನು ಜೇಲಿಗೆ ಹಾಕಬೇಕು ಎಂದು ಮಡಿವಾಳಯ್ಯ, ಮೊದಲು ಸಾರಾಯಿ ಅಂಗಡಿ ಮುಚ್ಚಿಸಿ ಎಂದು ಡ್ರೈವರುಗಳು. ದೂರದಲ್ಲಿ ಗುಡುಗಿತು.

ಆಗ ಮತ್ತೆ ಸೈರನ್. ಬೈಯಲು ಬಾಯಿ ತೆರೆದವನು ಬೆಂಚಿನ ಕಡೆ ನೋಡಿದೆ. ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ.

"ಲಾಲಪ್ಪ ಕಾಕಾ, ನಮ್ಮವು ಬಂದ್ ಅವ," ಎಂದ ಡ್ರೈವರ್, ಮೆಲ್ಲಗೆ.

ದಿನಾ ಮಧ್ಯಾಹ್ನ ಎರಡು ಗಂಟೆಗೆ ಸಿಡಿಸುತ್ತಾರೆ, ಆಗಿನ್ನೂ ಹನ್ನೆರಡೂ ಆಗಿರಲಿಲ್ಲ. ಆದರೆ ಕಲ್ಲಿನಲ್ಲಿ ಕೊರೆದ ಕುಣಿಗಳಿಗೆ ಮದ್ದು ತುಂಬಿದ ಮೇಲೆ ಸಿಡಿಲಿನ ಮೋಡ ಬಂದರೆ ಕಾಯುವಂತಿಲ್ಲ, ಬೇಗ ಸಿಡಿಸಿಬಿಡಬೇಕು. ಇದನ್ನು ಹೊಸಬರಿಗೆ ಹೇಳಿಕೊಟ್ಟವನೇ ನಾನು. ತಲೆಯ ಮೇಲೆ ಮೋಡ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದೆ.

ಓಡಿದೆ. ರಸ್ತೆ ದಾಟುವಷ್ಟರಲ್ಲಿ ಕಾಲ ಕೆಳಗೆ ನೆಲ ಅದುರಿತು. ದೂಳು ಎದ್ದು ದಿಬ್ಬವನ್ನು ಮುಚ್ಚಿತು. ಅದರೊಳಗಿಂದ ಆಡುಗಳು ಚೆಲ್ಲಾಪಿಲ್ಲಿಯಾಗಿ ನನ್ನ ಕಡೆ ಬಂದವು. ನಾನು ದಿಬ್ಬ ಹತ್ತುತ್ತಿರುವಾಗ ಮೂರನೆಯ ಸೈರನ್ ಆಯಿತು, ಉದ್ದಕ್ಕೆ. ಅಕ್ಕ ಕೂತಲ್ಲೇ ಪಕ್ಕಕ್ಕೆ ವಾಲಿದ್ದಳು. ಹಾರಿಬಂದ ಕಲ್ಲು ದೊಡ್ಡದೇನಿರಲಿಲ್ಲ, ಒಂದು ತೆಂಗಿನಕಾಯಿಯಷ್ಟು. ಎದ್ದು ಹೋಗಲು ನೋಡಿದ ಗುರುತೇ ಇರಲಿಲ್ಲ.

ಅಕ್ಕ ಹೋದ ಒಂಬತ್ತನೇ ದಿನ ವಿಚಾರಣೆ ನಡೆಯಿತು. ಮದ್ದು ಸಿಡಿಸುವ ಅಂಬರಾಯ, ನನ್ನ ಬದಲಿಗೆ ಸೈರನ್ ಒತ್ತಿದ್ದ ಹಣಮಪ್ಪ, ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು. ಮೊದಲನೇ ಸೈರನ್ ಒತ್ತಿಯೇ ಇಲ್ಲ, ಊರಲ್ಲಿ ಯಾರಿಗೂ ಕೇಳಿಸಿಲ್ಲ ಎಂದು ಜನ ಬರೆಸಿದ್ದರು. ಇಲ್ಲ ಎಂದು ನಾನೂ ಹೇಳಿದ್ದರೆ ತಪ್ಪು ಹಣಮಪ್ಪನ ತಲೆಗೆ ಹೋಗುತ್ತಿತ್ತು. ಸಂಘಮಿತ್ರಾ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಮೊದಲನೇ ಸೈರನ್ ನಿಮಗೆ ಕೇಳಿಸಿತೇ ಎಂದು ಅಧಿಕಾರಿ ಕೇಳಿದರು.

"ಕೇಳಿಸ್ತರಿ ಸಾಹೇಬ್ರ," ಎಂದೆ. "ಬಂದ್ ಮಾಡ್ರಿ ಅಂತ ಬೈದೆ."