ರಿಪೇರಿಗೆ ಅವಕಾಶವಿಲ್ಲ

"ಇನ್ನೊಂದು ಸುತ್ತು ತಿರುಗಿಸು, ಬಿಗಿಯಾಗ್ಲಿ," ಎಂದಳು ದರ್ಜಿ ಅಕ್ಕ.

ಗಾಲಿಕುರ್ಚಿ ರಿಪೇರಿಯವನ ಮಗಳು ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದಳು. ಒಳಗೆ ಅಪ್ಪನ ಹೆಣ, ಹೊರಗೆ ಅವನನ್ನು ನೋಡಲು ಬಂದವರ ಗಾಲಿಕುರ್ಚಿಗಳು. ಗೇಟು ದಾಟುವಷ್ಟರಲ್ಲಿ ಅಕ್ಕನ ಕುರ್ಚಿಯ ಮುಂದಿನ ಗಾಲಿ ಕಳಚಿತ್ತು.

"ಬೇರಿಂಗೇ ಪುಡಿಪುಡಿ ಆಗಿದೆ ಅಕ್ಕಾ. ಬಿಗಿ ಮಾಡಿ ಏನು ಬಂತು?"

"ನಿಮ್ಮಪ್ಪ ಇದ್ದಿದ್ರೆ ಏನಾದ್ರೂ ಮಾಡ್ತಿದ್ದ."

ಮಗಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ಅಪ್ಪ ಏನಾದರೂ ಮಾಡಿದ್ದೇ ಮಾಡಿದ್ದು. ಹಳೇ ಸೈಕಲ್ಲುಗಳನ್ನು ಬಿಚ್ಚಿ ಬಿಚ್ಚಿ ಈ ಕುರ್ಚಿಗಳ ಜೀವ ಹಿಡಿದಿಟ್ಟಿದ್ದ. ಇನ್ನು ಅವನ ರಿಪೇರಿ ಶೆಡ್ಡು ಅವಳ ತಲೆಗೆ. ಬಿಡಿಭಾಗಕ್ಕೆ, ಒಬ್ಬ ಕೆಲಸಗಾರನಿಗೆ ದುಡ್ಡು ಕೊಡಲು ಈ ಕುರ್ಚಿಗಳನ್ನು ಹಂಚಿದ ಪ್ರತಿಷ್ಠಾನ ಹೂಂ ಅನ್ನದಿದ್ದರೆ ಬಾಗಿಲು ಹಾಕುವುದೇ ಗತಿ.

*

ಹೋದ ವರ್ಷ ಪ್ರತಿಷ್ಠಾನದ ಅಧಿಕಾರಿ ಶೆಡ್ಡಿನಲ್ಲಿ ಕೂತು ರಿಪೇರಿ ಹಣಕ್ಕಾಗಿ ಅಪ್ಪ ಬರೆದ ಏಳನೇ ಅರ್ಜಿ ಮಡಿಚಿದ್ದರು.

"ಹೊಸ ಕುರ್ಚಿ ಕೊಟ್ರೆ ಇಷ್ಟು ಜನಕ್ಕೆ ಅನುಕೂಲ ಆಯ್ತು ಅಂತ ವರದೀಲಿ ತೋರಿಸ್ಬಹುದು. ರಿಪೇರೀಲಿ ಹೊಸ ಫಲಾನುಭವಿ ಯಾರು?"

"ಹೋದ್ಸಲ ಕುರ್ಚಿ ತಗೊಂಡವರೇ ಸಾರ್. ಗಾಲಿ ಮುರಿದು ಮನೇಲಿ ಕೂತಿದ್ದಾರೆ."

"ಅವರನ್ನ ಆಗ್ಲೇ ಲೆಕ್ಕಕ್ಕೆ ಸೇರಿಸ್ಕೊಂಡಾಗಿದೆಯಲ್ಲ!"

ಅಪ್ಪ ನಕ್ಕುಬಿಟ್ಟಿದ್ದ. ಮಗಳ ಮೈ ಉರಿದುಹೋಗಿತ್ತು.

*

ಹೆಣ ಎತ್ತುವ ಹೊತ್ತಿಗೆ ಅದೇ ಅಧಿಕಾರಿ ಹಾರ ಹಿಡಿದು ಬಂದರು.

"ಅಪ್ಪನ ಹೆಸರು ಉಳೀಬೇಕಮ್ಮ. ಅವರ ನೆನಪಿಗೆ ಇನ್ನೂರು ಹೊಸ ಗಾಲಿಕುರ್ಚಿ. ಮಂಜೂರಾಗಿದೆ."

"ರಿಪೇರಿಗೆ?"

"ಅದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ."

ಮಗಳು ಹಲ್ಲು ಕಚ್ಚಿದಳು. "ಈ ಅಕ್ಕ ಹೆಣದ ಜೊತೆ ಸ್ಮಶಾನಕ್ಕೆ ಬರಬೇಕು ಸಾರ್. ಶೆಡ್ಡಲ್ಲಿ ನೀವೇ ಕೊಟ್ಟ ಕುರ್ಚಿಗಳಿವೆ. ಒಂದನ್ನ ತಳ್ಕೊಂಡು ಬನ್ನಿ."

ಅಧಿಕಾರಿ ಶೆಡ್ಡಿನೊಳಗೆ ಹೋಗಿ ತಳ್ಳಿದರೆ, ಮೊದಲನೆಯದು ಜಪ್ಪಯ್ಯ ಅನ್ನಲಿಲ್ಲ. ಎರಡನೆಯದು ಗಿರಕಿ ಹೊಡೆದು ಇದ್ದಲ್ಲಿಗೇ ಬಂತು. ಮೂರನೆಯದರ ಹಿಡಿಕೆ ಕಿತ್ತು ಕೈಗೇ ಬಂತು. ಅಧಿಕಾರಿ ಹೊರಬಂದಾಗ ಅವರ ಮುಖದಲ್ಲಿ ನಿಜವಾದ ಮರುಕವಿತ್ತು.

"ಛೇ, ಇಷ್ಟೊಂದು ಹಾಳಾಗಿವೆಯಾ! ಇನ್ನೂರು ಎಲ್ಲಿಗೂ ಸಾಲದಮ್ಮ. ಮುನ್ನೂರು ಮಾಡ್ಸೋಣ."

ಅಷ್ಟರಲ್ಲಿ ಹೆಣ ಗೇಟು ದಾಟಿತ್ತು. ಮಗಳು ಪಕ್ಕದ ಮನೆಯವಳ ಎರಡೂ ಮಣಿಕಟ್ಟು ಹಿಡಿದಳು, ಅವಳು ಇವಳವನ್ನು ಹಿಡಿದಳು. ಹೆಣೆದ ಆ ನಾಲ್ಕು ಕೈಗಳ ಮೇಲೆ ಅಕ್ಕ ಕೂತು, ಇಬ್ಬರ ಕೊರಳಿಗೂ ತೋಳು ಹಾಕಿದಳು. ಏದುಸಿರು ಬಿಡುತ್ತ ಮೂವರೂ ಬೀದಿಗಿಳಿದರು. ಹಿಂದೆ ಅಧಿಕಾರಿ, ಕಿತ್ತುಬಂದ ಹಿಡಿಕೆಯನ್ನು ಎಲ್ಲಿಡಬೇಕೋ ತಿಳಿಯದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆದರು.