ವಾಸನೆ ಬಿಡದ ಕುಟ್ಟಾಣಿ

ಕಲ್ಲುಕುಟಿಗ ನನಗೆ ಮೊದಲು ಕೊಟ್ಟದ್ದು ಹೊಟ್ಟೆಯನ್ನು. ಅದಕ್ಕೂ ಮುಂಚೆ ನಾನು ಬರೀ ಕರಿಕಲ್ಲು, ಹಸಿವೆಂದರೇನೆಂದು ಗೊತ್ತಿರಲಿಲ್ಲ. ಉಳಿಯ ಪೆಟ್ಟು ತಿಂದು ತಿಂದು ಕುಟ್ಟಾಣಿಯಾದೆ. ಕುಂದಾಪುರದ ಸಂತೆಯಲ್ಲಿ ಶೀನ ಮರಕಾಲ ನನ್ನನ್ನು ಕೊಂಡುಕೊಂಡ. ಅವನು ಸರಕು ಹಡಗಿನ ಅಡುಗೆಯವನು.

ಹೆಂಡತಿ ಗುಲಾಬಿ ನನ್ನನ್ನು ಒಳಗಿಡಲು ಬಂದಾಗ ಅವನು ತಡೆದ. "ಇದ್ ಮನೆಗಲ್ಲ ಮಾರಾಯ್ತಿ. ನಿಂಗೆ ಆಗದ ವಾಸನೆಯೆಲ್ಲ ಇದ್ರಲ್ಲೇ ಇರ್ಲಿ."

ಗುಲಾಬಿಗೆ ಕೊತ್ತಂಬರಿ ಸೊಪ್ಪು ಆಗುತ್ತಿರಲಿಲ್ಲ. ತಿಗಣೆ ಹೊಸಕಿದ ಹಾಗೆ ಎನ್ನುತ್ತಿದ್ದಳು. ಹುರಿದ ಬೀಜಕ್ಕೆ ಅಡ್ಡಿಯಿಲ್ಲ. ಹಸಿ ಸೊಪ್ಪು ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ.

ಹಡಗಿನಲ್ಲಿ ನನ್ನ ಹೊಟ್ಟೆ ತುಂಬಿತು. ಬ್ಯಾಂಕಾಕ್ ಬಂದರಿನ ದಕ್ಕೆಯಲ್ಲಿ ಶೀನ ಕತ್ತರಿಸಿ ಎಸೆದ ಕೊತ್ತಂಬರಿ ಬೇರುಗಳನ್ನು ಒಬ್ಬ ಮುದುಕಿ ಹೆಕ್ಕಿ ತೊಳೆದು, ಕಾಳುಮೆಣಸು ಬೆಳ್ಳುಳ್ಳಿಯೊಡನೆ ನನ್ನಲ್ಲೇ ಕುಟ್ಟಿ, ಕೋಳಿಗೆ ಸವರಿ ಕೆಂಡದಲ್ಲಿ ಸುಟ್ಟು ತೋರಿಸಿದಳು. ಅಂದಿನಿಂದ ಅವನು ಬೇರು ಎಸೆಯಲಿಲ್ಲ. ಲಿಸ್ಬನ್ನಿನಲ್ಲಿ ಸೊಪ್ಪು, ಬೆಳ್ಳುಳ್ಳಿ, ಕಲ್ಲುಪ್ಪು ಕುಟ್ಟಿ, ಒಣಗಿದ ಬ್ರೆಡ್ಡಿನ ಮೇಲೆ ಹಾಕಿ ಕುದಿನೀರು ಸುರಿಯುವುದನ್ನು ಕಲಿತ. ಅಲೆಕ್ಸಾಂಡ್ರಿಯಾದಲ್ಲಿ ಕುಟ್ಟಿದ ಬೀಜವನ್ನು ತುಪ್ಪದಲ್ಲಿ ಹುರಿದು ಸೊಪ್ಪಿನ ಸಾರಿಗೆ ಚುಂಯ್ ಎನಿಸಿದ. ಎಲ್ಲಿ ಹೋದರೂ ಅವನ ಕೈಯ ಲಯ ಒಂದೇ: ಎರಡು ಪೆಟ್ಟು, ಒಂದು ಸುತ್ತು.

ಅಡುಗೆಕೋಣೆಯ ಹೊರಗೆ, ಹಳೆಯ ಬಣ್ಣದ ಡಬ್ಬಿಯಲ್ಲಿ ಅವನು ಕೊತ್ತಂಬರಿ ಬೆಳೆಸಿದ್ದ. ಒಂದು ಮಧ್ಯಾಹ್ನ ಗಾಳಿ ಎದ್ದಿತು. ಬೆಳ್ಳುಳ್ಳಿ ಅರ್ಧ ಕುಟ್ಟಿದ್ದವನು, "ಡಬ್ಬಿ ಒಳಗ್ ತಕಂಡ್ ಬತ್ತೆ" ಎಂದು ತನಗೆ ತಾನೇ ಹೇಳಿಕೊಂಡು ಹೊರಗೆ ಹೋದ. ಅಲೆಯ ಸದ್ದು ಕೇಳಿತು. ಆ ಬೆಳ್ಳುಳ್ಳಿ ನನ್ನಲ್ಲೇ ಒಣಗಿತು.

ಅವನ ಪೆಟ್ಟಿಗೆಯೊಡನೆ ನಾನು ಮನೆಗೆ ಬಂದೆ. ಗುಲಾಬಿ ನನ್ನನ್ನು ಬೂದಿ ಹಾಕಿ ತಿಕ್ಕಿದಳು, ಹುಣಸೆ ಹಚ್ಚಿದಳು, ಬಿಸಿಲಿಗಿಟ್ಟಳು. ಆದರೂ ಶುಂಠಿ ಜಜ್ಜಲು ಕೂತರೆ ಹಸಿ ಕೊತ್ತಂಬರಿಯ ವಾಸನೆ ಏಳುತ್ತಿತ್ತು. ಅವಳಿಗೆ ತಿಳಿಯದಂತೆ ಅವಳ ಕೈ ಎರಡು ಪೆಟ್ಟು, ಒಂದು ಸುತ್ತಿನ ಲಯಕ್ಕೆ ಬೀಳುತ್ತಿತ್ತು. ತಟ್ಟನೆ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. "ಅತ್ತೆ, ಅವ್ರ್ ಬಂದ್ರ್."

ಶೀನನ ತಾಯಿ, ಮುದುಕಿ ಚಂದು, ಮಗನಿಗೆ ಎಡೆ ಇಡಬೇಕೆಂದು ಅಂಗಲಾಚುತ್ತಿದ್ದಳು. ಬಾಳೆಲೆಯ ಮೇಲೆ ಇಷ್ಟದ ಅಡುಗೆ ಬಡಿಸದೆ ಸತ್ತವರ ಹಸಿವು ತೀರುವುದಿಲ್ಲ ಎಂಬುದು ಅವಳ ನಂಬಿಕೆ. ಗುಲಾಬಿಯದು ಒಂದೇ ಹಟ: "ಹೆಣ ಕಾಣದೆ ಎಡೆ ಇಡುದಿಲ್ಲೆ."

"ಅವ್ನಿಗೆ ಇಷ್ಟದ್ದ್ ಎಂತ ಅಂತಾರೂ ಗೊತ್ತಿತ್ತಾ ನಿಂಗೆ?" ಎಂದಳು ಮುದುಕಿ ಒಂದು ದಿನ. "ಕೊತ್ತಂಬರಿ ಸೊಪ್ಪು. ಗಂಜಿಗೂ ಹಾಯ್ಕಂಡ್ ತಿಂತಿದ್ದ. ನಿನ್ನ ಮದಿ ಆಯ್ ಕರ್ಕಂಡ್ ಬಂದ್ಮೇಲೆ ಬಿಟ್ಟ."

"ನಂಗೆ ಹೇಳ್ಲೇ ಇಲ್ಲೆ."

"ಹೇಳಿರೆ ನೀ ಮೂಗ್ ಮುಚ್ಕಂಡ್ ಮಾಡಿ ಹಾಕ್ತಿದ್ದೆ. ಅದ್ಕೇ ಹೇಳ್ಲಿಲ್ಲೆ."

ಗುಲಾಬಿ ಮರುದಿನ ಒಂದು ಕಟ್ಟು ಸೊಪ್ಪು ತಂದಳು. ಎಂದೂ ಮುಟ್ಟದವಳಿಗೆ ಬೇರು ಕತ್ತರಿಸಬೇಕೆಂದು ಗೊತ್ತಿರಲಿಲ್ಲ. ತೊಳೆದು, ಬೇರುಸಮೇತ ನನ್ನಲ್ಲಿ ಹಾಕಿ, ಬೆಳ್ಳುಳ್ಳಿ ಕಾಳುಮೆಣಸಿನ ಜೊತೆ ಕುಟ್ಟಿದಳು. ದಕ್ಕೆಯ ಆ ಮುದುಕಿಯ ಮಸಾಲೆ ನನಗೆ ಥಟ್ಟನೆ ಗುರುತು ಸಿಕ್ಕಿತು. ಅದರಲ್ಲೇ ಕೋಳಿ ಬೇಯಿಸಿ ಎಲೆಗೆ ಬಡಿಸಿದಳು. ಕೊನೆಗೆ, ಏನನ್ನಿಸಿತೋ, ಕುಟ್ಟುವ ಗುಂಡುಕಲ್ಲಿನ ಸಮೇತ ನನ್ನನ್ನೂ ಎಲೆಯ ಬದಿಯಲ್ಲಿಟ್ಟಳು.

ಪದ್ಧತಿಯಂತೆ ಇಬ್ಬರೂ ಬಾಗಿಲೆಳೆದುಕೊಂಡು ಹೊರಗೆ ಕೂತರು. ಒಳಗೆ ಉಳಿದದ್ದು ಎಲೆ, ದೀಪ, ನಾನು. ಯಾರೂ ಬಂದದ್ದು ನನಗೆ ಕಾಣಲಿಲ್ಲ. ಆದರೆ ಗುಂಡುಕಲ್ಲು ನನ್ನೊಳಗೆ ಮೆಲ್ಲಗೆ ಅಲ್ಲಾಡಿತು. ಎರಡು ಪೆಟ್ಟು, ಒಂದು ಸುತ್ತು.

ಬಾಗಿಲು ತೆರೆದು ಗುಲಾಬಿ ಎಲೆಯ ಮುಂದೆ ಕೂತಳು. ಮೂಗು ಮುಚ್ಚಿಕೊಳ್ಳದೆ ಉಂಡಳು. "ಅಷ್ಟೇನ್ ಕೆಟ್ಟದಿಲ್ಲೆ," ಎಂದಳು. ಆಮೇಲೆ ಅತ್ತಳು.

ಅಂದೇ ನನ್ನ ವಾಸನೆ ಹೋಯಿತು. ಮುದುಕಿ ಚಂದುವೂ ಹೋಗಿ ಬಹಳ ಕಾಲವಾಯಿತು. ಈಗ ನಾನು ಬಾವಿಕಟ್ಟೆಯ ಮೇಲಿದ್ದೇನೆ, ಅಂಚು ಒಡೆದಿದೆ. ನರೆಗೂದಲಿನ ಗುಲಾಬಿ ನೀರು ಸೇದಲು ಬಂದವಳು ಕೊಡ ಕೆಳಗಿಟ್ಟು, ಅತ್ತಿತ್ತ ನೋಡಿ, ಬಗ್ಗಿ ನನ್ನೊಳಗೆ ಮೂಗಿಡುತ್ತಾಳೆ. ಒದ್ದೆ ಕಲ್ಲಿನ ವಾಸನೆ ಬಿಟ್ಟರೆ ಅಲ್ಲಿ ಏನೂ ಇಲ್ಲ. ಅವಳು ಎಷ್ಟು ತಿಕ್ಕಿದರೂ ಬಿಟ್ಟುಕೊಡದೆ ಹಿಡಿದಿಟ್ಟುಕೊಂಡಿದ್ದೆ. ಈಗ ಅವಳೇ ಬಂದು ಕೇಳುವಾಗ ಕೊಡಲು ನನ್ನಲ್ಲಿ ಉಳಿದಿಲ್ಲ.